ಮೂರನೇ ಎಂಜಿನ್ ನೋಡಿ ನಗೋ ಮುಂಚೆ

1939ರಲ್ಲಿ ಹಾರಿದ ಫ್ರೆಂಚ್ ಪ್ರಾಯೋಗಿಕ ಬಾಂಬರ್ ಎನ್‌ಸಿ-150 ಬಗ್ಗೆ ಹಾಸ್ಟೆಲ್‌ನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ತುಂಬಾ ಎತ್ತರದಲ್ಲಿ ಹಾರಲೆಂದು ಮಾಡಿದ ವಿಮಾನ. ರೆಕ್ಕೆಗಳಲ್ಲಿ ಎರಡು ಎಂಜಿನ್, ಹೊಟ್ಟೆಯಲ್ಲಿ ಮೂರನೆಯದು. ಆ ಮೂರನೆಯದಕ್ಕೆ ಪ್ರೊಪೆಲ್ಲರೇ ಇಲ್ಲ! ಕಂಪ್ರೆಸರ್ ತಿರುಗಿಸಿ ಉಳಿದೆರಡಕ್ಕೆ ಗಾಳಿ ಒದಗಿಸೋದಷ್ಟೇ ಅದರ ಕೆಲಸ. "ಉಸಿರಾಡೋಕೂ ಆಳು ಇಟ್ಕೊಂಡಂಗಾಯ್ತು" ಅಂದ ಒಬ್ಬ ಮೆಕ್ಯಾನಿಕಲ್ ಗೆಳೆಯ.

ನನ್ನ ಪ್ರಕಾರ ಅದು ಪೆದ್ದುತನವಲ್ಲ. 10 ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮೂರನೇ ಒಂದು ಭಾಗ. ಸಿಲಿಂಡರ್ ಅಷ್ಟೇ ದೊಡ್ಡದು, ಒಳಗೆ ಹೋಗೋ ಆಕ್ಸಿಜನ್ ಮಾತ್ರ ಕಡಿಮೆ. ಟರ್ಬೋ ಹಾಕಬಹುದಿತ್ತಲ್ಲ ಅಂತೀರಾ? ಆ ವಿದ್ಯೆ ಫ್ರಾನ್ಸಿಗೆ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲೇ ಒಗ್ಯುಸ್ತ್ ರಾತೋ ವಿಮಾನದ ಎಂಜಿನ್‌ಗೆ ಟರ್ಬೋ ಜೋಡಿಸಿದ್ದರು. ತೊಡಕಿದ್ದದ್ದು ಲೋಹದಲ್ಲಿ. ಸುಡುವ ಎಕ್ಸಾಸ್ಟ್ ಅನಿಲದೊಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಗಂಟೆಗಟ್ಟಲೆ ಬಾಳೋ ಬ್ಲೇಡ್ ಮಾಡೋದು ಆಗ ಬಲು ಕಷ್ಟ. ಕಂಪ್ರೆಸರ್‌ಗೇ ಒಂದು ಎಂಜಿನ್ ಕೊಟ್ಟುಬಿಟ್ಟರೆ ಆ ಬ್ಲೇಡಿನ ಗೋಜೇ ಇಲ್ಲ.

ಇದೇ ದಾರಿಗೆ ಬೇರೆಯವರೂ ಬಂದಿದ್ದರು. ಸೋವಿಯತ್ ಪೆ-8 ಬಾಂಬರಿನ ಮೊದಲ ಮಾದರಿಯಲ್ಲಿ ನಾಲ್ಕು ಎಂಜಿನ್‌ಗೆ ಗಾಳಿ ಊದೋಕೆ ಐದನೆಯದಿತ್ತು. ಅದೂ ಫ್ರೆಂಚ್ ಹಿಸ್ಪಾನೋ-ಸುಯಿಜಾ ಎಂಜಿನ್ನನ್ನೇ ಲೈಸೆನ್ಸ್ ಪಡೆದು ಮಾಡಿದ್ದು. ಯುದ್ಧದ ನಡುವೆ ಜರ್ಮನಿಯ ಹೆನ್ಷೆಲ್ 130ಇ ಕೂಡ ಇದನ್ನೇ ಮಾಡಿತು.

ಹಾಗಂತ ಹೊಗಳೋಕೆ ಹೊರಟಿಲ್ಲ. ಮೂರನೇ ಎಂಜಿನ್ನಿನ ತೂಕ, ಅದು ಕುಡಿಯೋ ಇಂಧನ, ಎಲ್ಲವೂ ಬಾಂಬಿನ ಲೆಕ್ಕದಿಂದಲೇ ಕಡಿತ. ಅದೊಂದು ಕೆಟ್ಟರೆ ಎರಡಕ್ಕೂ ಒಟ್ಟಿಗೆ ಏದುಸಿರು. ಅಮೆರಿಕದಲ್ಲಿ 1918ರಲ್ಲೇ ಸ್ಯಾನ್‌ಫರ್ಡ್ ಮಾಸ್ ಟರ್ಬೋ ಪರೀಕ್ಷೆ ಮಾಡಿದ್ದರು. ಬಿ-17 ಅದನ್ನ ಹೊತ್ತು ಹಾರಿದ್ದು 1938ರಲ್ಲಿ. ಇಪ್ಪತ್ತು ವರ್ಷ! ಫ್ರಾನ್ಸಿಗೆ ಅಷ್ಟು ಪುರುಸೊತ್ತು ಇರಲಿಲ್ಲ. 1940ರಲ್ಲಿ ಜರ್ಮನ್ ಸೇನೆ ಒಳಗೆ ಬಂತು, ಎನ್‌ಸಿ-150 ಪ್ರಯೋಗವಾಗಿಯೇ ಉಳಿಯಿತು.

ನಮ್ಮ ಪ್ರಾಜೆಕ್ಟಿನಲ್ಲೂ ಒಂದು ಮೂರನೇ ಎಂಜಿನ್ ಇದೆ. ಬೇಕಾಗಿದ್ದ ಸೆನ್ಸರ್ ಬಜೆಟ್ಟಿಗೆ ಎಟುಕಲಿಲ್ಲ. ಅಗ್ಗದ್ದು ತಂದು, ಅದರ ನಾಯ್ಸ್ ತೆಗೆಯೋಕಂತಲೇ ಇನ್ನೊಂದು ಬೋರ್ಡ್ ಕೂರಿಸಿದ್ವಿ. ವೈವಾದಲ್ಲಿ ಎರಡು ಬೋರ್ಡ್ ಯಾಕೆ ಅಂತ ಕೇಳಿದಾಗ "ಬೆಟರ್ ಪರ್ಫಾರ್ಮೆನ್ಸ್ ಸರ್" ಅಂದುಬಿಟ್ವಿ. ಸುಳ್ಳು ಅಂತ ನಮಗೂ ಗೊತ್ತು, ಬಹುಶಃ ಅವರಿಗೂ. ಯಾವ ಸೀನಿಯರ್ ರಿಪೋರ್ಟ್ ತೆಗೆದರೂ ಇಂಥದ್ದೇ ಭಾಷೆ. ಏನು ಸಿಗಲಿಲ್ಲ, ಅದಕ್ಕೆ ಏನು ಮಾಡಿದ್ವಿ, ಅದರಿಂದ ಏನು ಕಳಕೊಂಡ್ವಿ ಅನ್ನೋ ಪುಟ ಎಲ್ಲೂ ಇಲ್ಲ. ಮಾರ್ಕ್ಸ್ ಹೋಗುತ್ತೆ ಅನ್ನೋ ಭಯ. ಜೂನಿಯರ್ಸ್ ಬಂದು ಅದೇ ಎರಡು ಬೋರ್ಡನ್ನ ಕಾಪಿ ಮಾಡ್ತಾರೆ, ಯಾಕೆ ಅಂತ ಗೊತ್ತಿಲ್ಲದೆ.

ಫೈನಲ್ ರಿಪೋರ್ಟಿಗೆ ಆ ಪುಟ ಸೇರಿಸೋಣ ಅಂತ ಟೀಮಿನಲ್ಲಿ ಹೇಳಿದೀನಿ. ನಾಲ್ವರಲ್ಲಿ ಇಬ್ಬರು ಒಪ್ಪಿದಾರೆ.