ಬೆಟ್ಟ ಸುತ್ತಿದ ಹಾಗೆ ಊರನ್ನೂ ಸುತ್ತೋಣ

ಆಷಾಢ ಬಂತೆಂದರೆ ನಂದಿ ಬೆಟ್ಟಕ್ಕೆ ಗಿರಿಪ್ರದಕ್ಷಿಣೆ. ನಂದಿ ಗ್ರಾಮದ ಭೋಗನಂದೀಶ್ವರನಿಗೆ ಕೈಮುಗಿದು ಹೊರಟರೆ, ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಹದಿನೈದು ಕಿಲೋಮೀಟರಿನಷ್ಟು ನಡೆದು ಮತ್ತೆ ಅದೇ ಗುಡಿ ಸೇರುವುದು. ನಾನು ಯಲಹಂಕ ಕಡೆ ಸಿಂಗಾಪುರದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನೇಗಿಲು ಹಿಡಿದವನು. ಮೊದಲು ಹರಕೆಗೆ ಅಂತ ಹೋಗುತ್ತಿದ್ದೆ. ಈಗ ಬೆಟ್ಟದ ಬುಡ ನೋಡೋಕೆ ಅಂತಲೇ ಹೋಗುತ್ತೇನೆ.

ಬೆಟ್ಟ ಹತ್ತಿದವರು ಮಂಜು, ಟಿಪ್ಪು ಕೋಟೆ ನೋಡಿ ಇಳಿಯುತ್ತಾರೆ. ಬುಡ ಸುತ್ತುವಾಗ ನಮ್ಮಂಥವರ ಕಣ್ಣಿಗೆ ಬೀಳುವುದೇ ಬೇರೆ. ಬಂಡೆಯಿಂದ ಜಾರಿದ ನೀರು ಹಳ್ಳಕ್ಕೆ, ಹಳ್ಳದಿಂದ ಕಟ್ಟೆಗೆ, ಕಟ್ಟೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ. ದಾರಿಯಲ್ಲಿ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಆಗ ತಾನೆ ಬಿತ್ತಿದ ರಾಗಿ ಹೊಲ. ಭೋಗನಂದೀಶ್ವರ ಗುಡಿ ಒಂಬತ್ತನೇ ಶತಮಾನದ್ದು. ಅಷ್ಟು ಹಿಂದೆಯೇ ಜನ ನೀರು ನಿಲ್ಲುವ ಬುಡದಲ್ಲಿ ಊರು ಕಟ್ಟಿದ್ದಾರೆ.

ಈ ಸಾಲಿನಲ್ಲೇ ಅರ್ಕಾವತಿ ಹುಟ್ಟುತ್ತದೆ. ಅದರ ನೀರು ಹೆಸರಘಟ್ಟ ಕೆರೆಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಕೊಡುವ ಯೋಜನೆ 1894ರದು. ಈಗ ಲೆಕ್ಕ ತಿರುಗಿದೆ. ನಮ್ಮ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ, ಪೈಪಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಕೆರೆಗಳಿಗೆ ಬಿಡುತ್ತಿದ್ದಾರೆ. ಕೆರೆಗೆ ಕೆರೆ ಕೂಡಿಸುವ ಕಾಲುವೆ ಕೆಟ್ಟರೆ ಹೀಗೇ ಆಗೋದು.

ಬೆಟ್ಟದ ಸುತ್ತಿನ ದಾರಿ ಇನ್ನೂ ಯಾಕೆ ಉಳಿದಿದೆ? ವರ್ಷಕ್ಕೊಮ್ಮೆ ಸಾವಿರಾರು ಕಾಲು ಅಲ್ಲಿ ನಡೆಯುತ್ತವೆ. ಅದಕ್ಕೆ ಬೇಲಿ ಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ.

ನಮ್ಮೂರಿನ ಕತೆ ಹಾಗಲ್ಲ. ನನಗೆ ಉಳಿದಿರುವುದು ಮುಕ್ಕಾಲು ಎಕರೆ ಖುಷ್ಕಿ. ರಾಗಿ ಹಾಕಿ, ಅಕ್ಕಡಿ ಸಾಲಿಗೆ ಅವರೆ ಬಿಡುತ್ತೇನೆ. ಅದಕ್ಕೆ ಹೋಗುವ ಬಂಡಿ ದಾರಿ ಒಂದು ಬೇಸಿಗೆಯಲ್ಲಿ ಲೇಔಟಿನ ಕಾಂಪೌಂಡಿನೊಳಗೆ ಸೇರಿಹೋಯಿತು. ಗ್ರಾಮ ನಕ್ಷೆಯಲ್ಲಿ ಆ ದಾರಿ ಇದೆ. ಆದರೆ "ಇಲ್ಲಿ ಯಾರು ಓಡಾಡ್ತಿದ್ರು?" ಅಂತ ಕೇಳಿದರೆ ಉತ್ತರ ಹೇಳುವವರು ನಾನೊಬ್ಬನೇ. ಮಿಕ್ಕವರು ಹೊಲ ಮಾರಿ ಆಗಿತ್ತು. ಮಗಳ ಮದುವೆಗೆ ಅಂತ ನಾನೂ ಒಂದು ಎಕರೆ ಮಾರಿದವನೇ. ಬರೀ ಲೇಔಟಿನವರನ್ನು ಬೈದು ಏನು ಪ್ರಯೋಜನ? ನಾವು ನಡೆಯುವುದು ಬಿಟ್ಟೆವು, ದಾರಿ ಹೋಯಿತು.

ಅದಕ್ಕೇ ಊರೂರಿನ ರೈತರಿಗೆ ನನ್ನದೊಂದು ಮಾತು. ವರ್ಷಕ್ಕೊಂದು ದಿನ ನಿಮ್ಮ ಊರನ್ನು ಸುತ್ತಿ. ಯುಗಾದಿ ಆದ ಮೇಲೆ, ಮುಂಗಾರಿಗೆ ಮುಂಚೆ, ಹೊಲ ಖಾಲಿ ಇರುವಾಗ ಒಳ್ಳೆಯದು. ಹತ್ತು ಜನ ಸಾಕು. ಹಳೆಯ ಗುರುತು ಬಲ್ಲ ಒಬ್ಬ ಅಜ್ಜ, ಫೋನು ಬಲ್ಲ ಒಬ್ಬ ಹುಡುಗ ಇರಲೇಬೇಕು. ಸರ್ವೆ ಇಲಾಖೆಯ ಗ್ರಾಮ ನಕ್ಷೆ ಕೈಯಲ್ಲಿರಲಿ. ಅದೇ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಅದು ಗುರುತಿಗೆ ಮಾತ್ರ. ತಕರಾರು ಬಂದರೆ ಸರ್ವೆಯವರ ಅಳತೆಯೇ ಆಗಬೇಕು.

ಕೆರೆ ಏರಿಯಿಂದ ಹೊರಡಿ. ತೂಬು, ಕೋಡಿ, ರಾಜಕಾಲುವೆ, ಗುಂಡುತೋಪು, ಗೋಮಾಳ, ಸ್ಮಶಾನ, ನಕಾಶೆ ದಾರಿ ಎಲ್ಲಾ ನೋಡಿಕೊಂಡು ಮತ್ತೆ ಏರಿಗೇ ಬನ್ನಿ. ಎಲ್ಲಿ ಮಣ್ಣು ತುಂಬಿದೆ, ಎಲ್ಲಿ ಬೇಲಿ ಮುಂದೆ ಬಂದಿದೆ, ಯಾವ ಮರ ಹೋಗಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ, ಫೋಟೋ ತೆಗೆಯಿರಿ. ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಖರ್ಚು ಅಂದರೆ ಬೆಲ್ಲದ ಪಾನಕ, ಕೋಸಂಬರಿಯದು.

ಕೆಲಸದ ನಡುವೆ ಇದಕ್ಕೆಲ್ಲಾ ಪುರುಸೊತ್ತು ಎಲ್ಲಿ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಮುಚ್ಚಿದ ದಾರಿಗೋಸ್ಕರ ಅರ್ಜಿ ಹಿಡಿದು ಅಲೆದ ದಿನಗಳನ್ನು ಎಣಿಸಿದರೆ, ಅಷ್ಟರಲ್ಲಿ ಊರನ್ನು ಇಪ್ಪತ್ತು ಸಲ ಸುತ್ತಬಹುದಿತ್ತು. ನಿಮ್ಮೂರಲ್ಲಿ ದಾರಿ ಇನ್ನೂ ಇದ್ದರೆ ಈ ಬೇಸಿಗೆಯಲ್ಲೇ ಒಂದು ಸುತ್ತು ಹಾಕಿ. ಜೊತೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ.