ವಿಶೇಷಣವನ್ನು ಗುರುತಿಸುವ ಬಗೆ

ಇಂಗ್ಲಿಷ್ ವಾಕ್ಯವೊಂದನ್ನು ಕೊಟ್ಟು ಅದರಲ್ಲಿರುವ ವಿಶೇಷಣಕ್ಕೆ ಅಡಿಗೆರೆ ಎಳೆಯಿರೆಂದರೆ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಲ್ಲಿ ಹಲವರು ತಡವರಿಸುವುದುಂಟು. ‘ನಾಮಪದದ ಗುಣವನ್ನು ಹೇಳುವ ಪದವೇ ವಿಶೇಷಣ’ ಎಂಬ ಲಕ್ಷಣವಾಕ್ಯ ಅವರಿಗೆ ಕಂಠಪಾಠವಾಗಿರುತ್ತದೆ, ಆದರೂ ತಪ್ಪುತ್ತಾರೆ. ಇದಕ್ಕಾಗಿ ಮಕ್ಕಳ ಬುದ್ಧಿಶಕ್ತಿಯನ್ನು ದೂರುವುದು ನ್ಯಾಯವಲ್ಲ. ದೋಷವಿರುವುದು ಮಾತೃಭಾಷೆಯ ವ್ಯಾಕರಣವನ್ನು ಹೊರಗಿಟ್ಟು ಇಂಗ್ಲಿಷ್ ವ್ಯಾಕರಣವನ್ನು ಬೋಧಿಸುವ ಪದ್ಧತಿಯಲ್ಲಿ.

ಕನ್ನಡದ ಶಾಲಾ ವ್ಯಾಕರಣಗಳು ಗುಣವಾಚಕವನ್ನು ನಾಮಪದದ ಒಂದು ಪ್ರಭೇದವೆಂದು ಎಣಿಸುತ್ತವೆ. ಇಂಗ್ಲಿಷ್ ಪಾಠದಲ್ಲಾದರೋ ವಿಶೇಷಣವು ನಾಮಪದಕ್ಕಿಂತ ಬೇರೆಯೆಂದು ಅದೇ ಬಾಲಕನಿಗೆ ಹೇಳಲಾಗುತ್ತದೆ. ಇದು ವರ್ಗೀಕರಣದ ಭೇದವೇ ಹೊರತು ಭಾಷೆಗಳ ವೈರವಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ 16ನೆಯ ಶತಮಾನದಿಂದ ಬಹುಕಾಲ ಬಳಕೆಯಲ್ಲಿದ್ದ, ವಿಲಿಯಂ ಲಿಲಿಯ ಹೆಸರಿನ ಲ್ಯಾಟಿನ್ ವ್ಯಾಕರಣವೂ ವಿಶೇಷಣವನ್ನು ನಾಮಪದದೊಳಗೇ ಸೇರಿಸಿತ್ತು. ಇದನ್ನು ಎರಡು ಮಾತಿನಲ್ಲಿ ತಿಳಿಸಿದರೆ ಅರ್ಧ ಗೊಂದಲ ಕಳೆಯುತ್ತದೆ.

ಉಳಿದರ್ಧ ವಾಕ್ಯರಚನೆಯಲ್ಲಿದೆ. ‘ಎ ಗುಡ್ ಬಾಯ್’ ಎಂಬುದೂ ‘ಒಳ್ಳೆಯ ಹುಡುಗ’ ಎಂಬುದೂ ಒಂದೇ ಕ್ರಮದವು. ಇಲ್ಲಿ ಯಾರೂ ಎಡವುವುದಿಲ್ಲ. ವಿಶೇಷಣವು ಕ್ರಿಯಾಪದದ ಆಚೆಗೆ ಹೋದಾಗಲೇ ತೊಡಕು. ಕನ್ನಡದಲ್ಲಿ ಅದು ಲಿಂಗ, ವಚನಗಳನ್ನು ತಾಳಿ ‘ಒಳ್ಳೆಯವನು’, ‘ಒಳ್ಳೆಯವಳು’, ‘ಒಳ್ಳೆಯವರು’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ‘ಗುಡ್’ ಎಲ್ಲೆಡೆಯೂ ‘ಗುಡ್’. ‘ದಿ ಫ್ಲವರ್ ಈಸ್ ರೆಡ್’ ಎಂಬುದು ‘ಹೂವು ಕೆಂಪಾಗಿದೆ’ ಎಂದಾಗುತ್ತದೆ. ‘ಚೆನ್ನಾಗಿ ಹಾಡಿದಳು’ ಎಂಬಲ್ಲಿಯ ‘ಆಗಿ’ ಇಲ್ಲಿಯೂ ಕಾಣಿಸಿಕೊಳ್ಳುವುದರಿಂದ ಬಾಲಕನು ‘ರೆಡ್’ ಎಂಬುದನ್ನು ಕ್ರಿಯಾವಿಶೇಷಣವೆಂದು ಭಾವಿಸಿದರೆ ಆಶ್ಚರ್ಯವೇನು?

ಪದದ ಆಕಾರವನ್ನು ನಂಬಿಯೂ ಪ್ರಯೋಜನವಿಲ್ಲ. ‘ಎ ಹಾರ್ಡ್ ಸ್ಟೋನ್’ ಎಂಬಲ್ಲಿ ವಿಶೇಷಣವಾದ ‘ಹಾರ್ಡ್’, ‘ಹಿ ವರ್ಕ್ಸ್ ಹಾರ್ಡ್’ ಎಂಬಲ್ಲಿ ಕ್ರಿಯಾವಿಶೇಷಣ. ‘ಲಿ’ಕಾರಾಂತವಾದರೂ ‘ಫ್ರೆಂಡ್ಲಿ’ ವಿಶೇಷಣವೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಈ ಪದವು ಯಾವುದನ್ನು ಕುರಿತು ಹೇಳುತ್ತದೆ? ವ್ಯಕ್ತಿ ಅಥವಾ ವಸ್ತುವನ್ನು ಕುರಿತಾದರೆ ವಿಶೇಷಣ. ಕ್ರಿಯೆಯನ್ನು ಕುರಿತಾದರೆ ಕ್ರಿಯಾವಿಶೇಷಣ. ಕಪ್ಪುಹಲಗೆಯ ಮೇಲೆ ಎರಡೂ ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕದಲ್ಲಿ ಬರೆದು ಈ ಪ್ರಶ್ನೆಯನ್ನು ಕೇಳಿದರೆ ಉತ್ತರವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಕರ್ನಾಟಕದ ಸರಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಬೋಧನೆ ಆರಂಭವಾಯಿತು. ಆದರೆ ಬೇಗ ಆರಂಭಿಸಿದ ಮಾತ್ರಕ್ಕೆ ತಳಹದಿ ಗಟ್ಟಿಯಾಗದು. ಅಡಿಗೆರೆ ತಪ್ಪಿದ ಮಗುವು ಕಳೆದುಕೊಳ್ಳುವುದು ಒಂದು ಅಂಕವನ್ನಷ್ಟೇ ಅಲ್ಲ. ಇಂಗ್ಲಿಷ್ ತನ್ನಂಥವರಿಗಲ್ಲವೆಂಬ ಅಳುಕು ಅದರ ಮನದಲ್ಲಿ ಮೊಳೆಯುತ್ತದೆ. ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಒಂದೆಡೆ ಕುಳಿತು ಪಾಠಕ್ರಮವನ್ನು ಹೊಂದಿಸಿಕೊಂಡರೆ ಈ ಅಳುಕನ್ನು ನೀಗಬಹುದು. ಅದಕ್ಕೆ ಹೊಸ ಕಟ್ಟಡವೂ ಬೇಡ, ಧನವೂ ಬೇಡ. ಪರಸ್ಪರ ಸಹಕಾರವೊಂದಿದ್ದರೆ ಸಾಕು.