ಯುಕೆಜಿಗೆ ಗೌನು, ಡಿಪ್ಲೊಮಾಕ್ಕೆ ಕಿಟಕಿ

ಮಾರ್ಚ್ ಬಂತೆಂದರೆ ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಯುಕೆಜಿ ಮಕ್ಕಳ ‘ಗ್ರಾಜುಯೇಷನ್ ಡೇ’ ಸಂಭ್ರಮ. ಇನ್ನೂ ಶೂ ಲೇಸು ಕಟ್ಟಿಕೊಳ್ಳಲು ಬಾರದ ಮಗುವಿಗೆ ಬಾಡಿಗೆಯ ಕರಿ ಗೌನು, ಕಣ್ಣಿನವರೆಗೆ ಜಾರುವ ಚೌಕದ ಟೋಪಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಕಾಗದದ ಸುರುಳಿ. ಅಪ್ಪ ಅಮ್ಮ ಮೊಬೈಲ್ ಎತ್ತಿ ಹಿಡಿದು ನಿಲ್ಲುತ್ತಾರೆ. ನಿಲ್ಲಲಿ, ನನ್ನದೇನೂ ತಕರಾರಿಲ್ಲ. ಅದೇ ಊರಿನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ಆರು ಸೆಮಿಸ್ಟರ್ ಓದಿ, ಬಾಕಿ ಉಳಿದಿದ್ದ ಗಣಿತವನ್ನೂ ಎರಡನೇ ಸಲ ಕಟ್ಟಿ ಪಾಸು ಮಾಡಿಕೊಂಡ ಹುಡುಗಿಗೆ ಸಿಗುವುದೇನು? ಆಫೀಸಿನ ಕಿಟಕಿ. ‘ನೋ ಡ್ಯೂಸ್ ತಂದಿದೀಯೇನಮ್ಮ? ಇಲ್ಲಿ ಸೈನ್ ಹಾಕು’ ಎಂಬ ಮಾತು. ರಿಜಿಸ್ಟರ್‌ನಲ್ಲಿ ಒಂದು ಸಹಿ, ಕೈಗೊಂದು ಕವರು. ಮುಗಿಯಿತು.

ಡಿಪ್ಲೊಮಾದವರಿಗೂ ಘಟಿಕೋತ್ಸವ ಮಾಡಿ ಎಂಬ ಮಾತು ಎದ್ದಾಗಲೆಲ್ಲ ಉನ್ನತ ಶಿಕ್ಷಣದ ಹಿರಿಯರು ಮೂಗು ಮುರಿಯುತ್ತಾರೆ. ಘಟಿಕೋತ್ಸವ ಪದವಿಗೆ ಮೀಸಲು, ಡಿಪ್ಲೊಮಾ ಪದವಿಯಲ್ಲವಲ್ಲ ಎನ್ನುವುದು ಒಂದು ವಾದ. ಎಲ್ಲರನ್ನೂ ವೇದಿಕೆಗೆ ಹತ್ತಿಸಿದರೆ ವೇದಿಕೆಗೇನು ಬೆಲೆ ಎನ್ನುವುದು ಇನ್ನೊಂದು. ಟೈಮೆಲ್ಲಿದೆ, ದುಡ್ಡೆಲ್ಲಿದೆ ಎನ್ನುವುದು ಆಡಳಿತ ನಡೆಸುವವರ ಮಾತು. ಈ ಮೂರರಲ್ಲಿ ಒಂದೂ ಪರೀಕ್ಷೆಗೆ ನಿಲ್ಲುವುದಿಲ್ಲ. ನಾಲ್ಕನೆಯ ಕಾರಣವೊಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಕಾನೂನು ನೋಡೋಣ. 1956ರ ಯುಜಿಸಿ ಕಾಯ್ದೆಯ 22ನೇ ಕಲಮು ಪದವಿ ಕೊಡುವ ಹಕ್ಕು ಯಾರಿಗಿದೆ ಎಂದು ಹೇಳುತ್ತದೆ. ನಕಲಿ ವಿಶ್ವವಿದ್ಯಾಲಯಗಳ ಕೈಗೆ ಪದವಿ ಸಿಗದಿರಲಿ ಎಂದು ಹಾಕಿದ ಬೇಲಿ ಅದು. ಯಾರನ್ನು ವೇದಿಕೆಗೆ ಕರೆಯಬೇಕು, ಯಾರನ್ನು ಕರೆಯಬಾರದು ಎಂಬ ವಿಚಾರಕ್ಕೆ ಅದು ತಲೆ ಹಾಕುವುದೇ ಇಲ್ಲ. ಪದವಿ ಕೊಡುವ ನಮ್ಮ ವಿಶ್ವವಿದ್ಯಾಲಯಗಳೇ ಡಿಪ್ಲೊಮಾವನ್ನೂ ಕೊಡುತ್ತವೆ, ತಮ್ಮ ಮೊಹರನ್ನೇ ಒತ್ತಿ ಕೊಡುತ್ತವೆ. ಹಾಗೆ ಮೊಹರು ಒತ್ತಿದ ಕಾಗದವನ್ನು ಕೈಯಾರೆ ಕೊಡಲು ನಾಚಿಕೆ ಯಾಕೆ?

ಇಲ್ಲಿ ಬನ್ನೇರುಘಟ್ಟ ರಸ್ತೆಯ ಕಡೆ ಒಮ್ಮೆ ನೋಡಬೇಕು. 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂ ನಾಲ್ಕು ದಶಕಕ್ಕೂ ಹೆಚ್ಚು ಕಾಲ ತನ್ನ ಹೆಸರಾಂತ ಎರಡು ವರ್ಷದ ಕೋರ್ಸು ಮುಗಿಸಿದವರಿಗೆ ಕೊಟ್ಟದ್ದು ಏನು? ಎಂಬಿಎ ಪದವಿ ಎಂದುಕೊಂಡಿದ್ದರೆ ತಪ್ಪು. ಅದು ಪೋಸ್ಟ್ ಗ್ರಾಜುಯೇಟ್ ಡಿಪ್ಲೊಮಾ. 1961ರಲ್ಲಿ ಹುಟ್ಟಿದ ಅಹಮದಾಬಾದ್, ಕಲ್ಕತ್ತಾ ಐಐಎಂಗಳ ಕತೆಯೂ ಇದೇ. ಅವು ವಿಶ್ವವಿದ್ಯಾಲಯಗಳಾಗಿರಲಿಲ್ಲ, ಪದವಿ ಕೊಡುವ ಅಧಿಕಾರ ಅವುಗಳಿಗೆ ಇರಲಿಲ್ಲ. 2017ರ ಐಐಎಂ ಕಾಯ್ದೆ 2018ರ ಜನವರಿ ಕೊನೆಗೆ ಜಾರಿಗೆ ಬಂದ ಮೇಲಷ್ಟೇ ಅವುಗಳ ಕೈಗೆ ಪದವಿ ಬಂತು. ಅಲ್ಲಿಯವರೆಗೆ ಘಟಿಕೋತ್ಸವ ನಿಂತಿತ್ತೇ? ಗೌನಿಗೆ ಗೌನು, ಪದಕಕ್ಕೆ ಪದಕ, ದೇಶದ ದೊಡ್ಡ ಉದ್ಯಮಿಗಳಿಂದ ಭಾಷಣ, ಮರುದಿನ ಪತ್ರಿಕೆಗಳಲ್ಲಿ ಟೋಪಿ ತೂರಿದ ಫೋಟೊ, ಎಲ್ಲವೂ ಇತ್ತು. ‘ಇದು ಬರೀ ಡಿಪ್ಲೊಮಾ, ನಿಮಗ್ಯಾಕೆ ಘಟಿಕೋತ್ಸವ’ ಎಂದು ಒಬ್ಬ ಕುಲಪತಿಯೂ ಕೇಳಿದ್ದನ್ನು ನಾನು ಕಾಣೆ.

ವೈದ್ಯಕೀಯದಲ್ಲೂ ನೋಡಿ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸಿದ ಎಷ್ಟೋ ವೈದ್ಯರ ಬೋರ್ಡಿನ ಮೇಲೆ ಇದ್ದದ್ದು ಡಿಜಿಒ, ಮಕ್ಕಳ ಡಾಕ್ಟರರ ಬೋರ್ಡಿನ ಮೇಲೆ ಡಿಸಿಎಚ್, ಅರಿವಳಿಕೆ ಕೊಡುವವರಿಗೆ ಡಿಎ. ಎಂಬಿಬಿಎಸ್ ಪದವಿಯ ಮೇಲೆ ಇನ್ನೂ ಎರಡು ವರ್ಷ ದುಡಿದು ಗಳಿಸಿದ ಈ ಡಿಪ್ಲೊಮಾಗಳನ್ನು ಅವರು ಹೆಮ್ಮೆಯಿಂದಲೇ ಬರೆಸಿಕೊಂಡರು, ಜನರೂ ಕೈಮುಗಿದರು. ಗಿರೀಶ ಕಾಸರವಳ್ಳಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಿಂದ ಹೊತ್ತು ತಂದದ್ದೂ ಡಿಪ್ಲೊಮಾವನ್ನೇ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಿಂದ ಹೊರಬಂದು ಕನ್ನಡ ರಂಗಭೂಮಿಯನ್ನು ತುಂಬಿದವರೂ ಡಿಪ್ಲೊಮಾದವರೇ.

ಹಾಗಾದರೆ ಡಿಪ್ಲೊಮಾ ಎಂದ ಕೂಡಲೇ ಮೂಗು ಮುರಿಯುವುದಲ್ಲ, ಕೆಲವರ ಡಿಪ್ಲೊಮಾಕ್ಕೆ ಮಾತ್ರ ಮುರಿಯುವುದು. ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿ ಪಾಲಿಟೆಕ್ನಿಕ್ ಸೇರಿದವರ ಡಿಪ್ಲೊಮಾಕ್ಕೆ. ಲೇತ್ ಮುಂದೆ ನಿಂತು ಕೈಗೆ ಗ್ರೀಸ್ ಮೆತ್ತಿಕೊಂಡವರ, ಟೋಟಲ್ ಸ್ಟೇಷನ್ ಹೆಗಲಿಗೇರಿಸಿಕೊಂಡು ಬಿಸಿಲಲ್ಲಿ ಸರ್ವೆ ಕಲಿತವರ ಡಿಪ್ಲೊಮಾಕ್ಕೆ. ಆರು ವರ್ಷ ಪಿಯುಸಿ, ಬಿಇ ಎಂದು ಮಗನನ್ನು ಓದಿಸಲು ಆಗದ ಮನೆ ‘ಮೂರು ವರ್ಷ ಆದರೆ ಸಾಕು, ಒಂದು ಕೆಲಸ ಹಿಡಿಯಲಿ’ ಎಂದು ಕಳಿಸಿದ ಮಕ್ಕಳ ಡಿಪ್ಲೊಮಾಕ್ಕೆ. ನಾಲ್ಕನೆಯ ಕಾರಣ ಎಂದೆನಲ್ಲ, ಅದು ಇದೇ. ಕೈಯಿಂದ ಮಾಡುವ ಕೆಲಸವನ್ನು ಕೀಳೆಂದು ಕಂಡ ಹಳೆಯ ಬುದ್ಧಿ ನಮ್ಮ ಕ್ಯಾಂಪಸ್ಸುಗಳಲ್ಲಿ ಸೂಟು ಹಾಕಿಕೊಂಡು ಕೂತಿದೆ. ಮದುವೆ ಮನೆಯಲ್ಲಿ ಬೆಂಕಿಯೆದುರು ನಿಂತು ಅಡುಗೆ ಮಾಡಿದವರಿಗೆ ಕೊನೆಯ ಪಂಕ್ತಿ ಹಾಕುವ ಬುದ್ಧಿ ಅದು.

ನಾಡನ್ನು ನಡೆಸುತ್ತಿರುವವರಲ್ಲಿ ಡಿಪ್ಲೊಮಾದವರು ಎಷ್ಟು ಮಂದಿ ಎಂದು ಒಮ್ಮೆ ಸುತ್ತ ನೋಡಿ. ಲೋಕೋಪಯೋಗಿ ಇಲಾಖೆಯಲ್ಲಿ ಅಳತೆ ಪುಸ್ತಕ ಬರೆಯುವ ಜೂನಿಯರ್ ಎಂಜಿನಿಯರ್ ಡಿಪ್ಲೊಮಾದವರು. ಊರಿಗೆ ಕರೆಂಟು ಹೋದಾಗ ನಾವು ಫೋನು ಮಾಡಿ ಬೈಯುವ ಸೆಕ್ಷನ್ ಆಫೀಸಿನ ಜೆಇ ಡಿಪ್ಲೊಮಾದವರು. ಔಷಧದಂಗಡಿಯ ಫಾರ್ಮಸಿಸ್ಟ್, ವಾರ್ಡಿನಲ್ಲಿ ರಾತ್ರಿಯೆಲ್ಲ ಓಡಾಡುವ ಜಿಎನ್‌ಎಂ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಎಲ್ಲರೂ ಬಹುಪಾಲು ಅವರೇ. ತಿಪಟೂರು ಕಡೆಯ ಕೊನೇಹಳ್ಳಿಯಂಥ ಊರುಗಳಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪಶುಸಂಗೋಪನಾ ಪಾಲಿಟೆಕ್ನಿಕ್‌ಗಳಿವೆ. ಕೃಷಿ ವಿಶ್ವವಿದ್ಯಾಲಯಗಳು ರೈತರ ಮಕ್ಕಳಿಗೆ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಕಲಿಸಿವೆ. ಇದೆಲ್ಲ ಬಿಡಿ, ಘಟಿಕೋತ್ಸವದ ವೇದಿಕೆಯ ಮೇಲೆ ಕೂರುವ ಗಣ್ಯರಿಗೆ ಅಕ್ಷರ ತಿದ್ದಿಸಿದವರು ಯಾರು? ಟಿಸಿಎಚ್, ಡಿ.ಇಡಿ ಮಾಡಿದ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ.

ಬೆಲೆ ಕಡಿಮೆಯಾಗುತ್ತದೆ ಎಂಬ ವಾದಕ್ಕೆ ಹೆಚ್ಚು ಹೊತ್ತು ಕೊಡಲಾರೆ. ಪರೀಕ್ಷೆಯ ಹಾಲ್ ಟಿಕೆಟ್ಟನ್ನೇ ಕಾಣದವರಿಗೆ ಗೌರವ ಡಾಕ್ಟರೇಟ್ ಹಂಚಿದಾಗ ಕಡಿಮೆಯಾಗದ ಬೆಲೆ, ಆರು ಸೆಮಿಸ್ಟರ್ ಪರೀಕ್ಷೆ ಬರೆದವಳು ಎರಡು ನಿಮಿಷ ವೇದಿಕೆಯಲ್ಲಿ ನಿಂತರೆ ಕಡಿಮೆಯಾಗುತ್ತದೆಯೇ?

ಸಮಯದ ಮಾತೂ ಹಾಗೆಯೇ. ಸಾವಿರಗಟ್ಟಲೆ ಜನಕ್ಕೆ ಒಬ್ಬೊಬ್ಬರಿಗೆ ಕೊಡುತ್ತ ಕೂತರೆ ರಾತ್ರಿಯಾಗುತ್ತದೆ ಎನ್ನುತ್ತಾರೆ. ಸರಿಯೇ. ಆದರೆ ಈಗಲೂ ನಮ್ಮ ದೊಡ್ಡ ವಿಶ್ವವಿದ್ಯಾಲಯಗಳ ವೇದಿಕೆಗೆ ಹತ್ತುವವರು ಚಿನ್ನದ ಪದಕದವರು ಮತ್ತು ಪಿಎಚ್‌ಡಿಯವರು. ಬಿಎ, ಬಿಕಾಂ ಮಾಡಿದ ಸಾಮಾನ್ಯ ವಿದ್ಯಾರ್ಥಿಯ ಸರ್ಟಿಫಿಕೇಟೂ ಕಾಲೇಜಿನ ಕಿಟಕಿಯಲ್ಲೇ ಬರುತ್ತದೆ. ಮೈಸೂರು ವಿಶ್ವವಿದ್ಯಾಲಯ 1918ರಲ್ಲಿ ಮೊದಲ ಘಟಿಕೋತ್ಸವ ನಡೆಸಿದಾಗಿನ ಹಾಗೆ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸುವ ಕಾಲ ಹೋಯಿತು. ಅಂದಮೇಲೆ ಕೇಂದ್ರದಲ್ಲಿ ಒಂದು ದೊಡ್ಡ ಸಮಾರಂಭ, ಕಾಲೇಜು ಕಾಲೇಜಿನಲ್ಲಿ ಒಂದೊಂದು ಚಿಕ್ಕದು ಎಂದು ಹಂಚಿಕೊಳ್ಳುವುದೇ ದಾರಿ. ಅದರಿಂದ ಪದವಿಯವರಿಗೂ ಲಾಭ.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಡಿಪ್ಲೊಮಾ ಕೊಡುವುದು ವಿಶ್ವವಿದ್ಯಾಲಯವಲ್ಲ, ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷಾ ಮಂಡಳಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಪಾಲಿಟೆಕ್ನಿಕ್‌ಗಳಿಗೂ ಪರೀಕ್ಷೆಯ ಸಂಬಂಧವಿಲ್ಲ. ಹಾಗಾಗಿ ಈ ಮಕ್ಕಳು ವಿಶ್ವವಿದ್ಯಾಲಯದವರಿಗೆ ‘ನಮ್ಮವರಲ್ಲ’, ಇಲಾಖೆಗೋ ಬರೀ ರಿಜಿಸ್ಟರ್ ನಂಬರು. ವಿಚಿತ್ರವೆಂದರೆ, ಆ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಅವರು 1883ರಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಪಾಸು ಮಾಡಿದ್ದು ಎಲ್‌ಸಿಇ, ಅಂದರೆ ಸಿವಿಲ್ ಎಂಜಿನಿಯರಿಂಗ್‌ನ ಲೈಸೆನ್ಷಿಯೇಟ್. ಅದನ್ನು ಇಂದಿನ ಡಿಪ್ಲೊಮಾಕ್ಕೆ ಸಮ ಎನ್ನಲಾರೆ, ಅವರು ಅದಕ್ಕೂ ಮೊದಲೇ ಬಿಎ ಮಾಡಿದ್ದರು. ಆದರೂ ಎಂಜಿನಿಯರ್ ವಿಶ್ವೇಶ್ವರಯ್ಯನವರ ಎಂಜಿನಿಯರಿಂಗ್ ಅರ್ಹತೆಯ ಹೆಸರಿನಲ್ಲಿ ‘ಬ್ಯಾಚುಲರ್’ ಎಂಬ ಪದ ಇರಲಿಲ್ಲ. ಬೆಂಗಳೂರಿನಲ್ಲಿ 1943ರಲ್ಲಿ ಜಯಚಾಮರಾಜೇಂದ್ರ ಹೆಸರಿನ ವೃತ್ತಿಶಿಕ್ಷಣ ಸಂಸ್ಥೆ, ನಾವು ಈಗ ಎಸ್‌ಜೆಪಿ ಎನ್ನುವ ಪಾಲಿಟೆಕ್ನಿಕ್, ಕಟ್ಟಲು ಹೆಗಲು ಕೊಟ್ಟವರೂ ಅವರೇ. ಮೂರು ವರ್ಷ ಮುಗಿದ ದಿನ ಅಲ್ಲಿಯ ಹುಡುಗರಿಗೆ ಒಂದು ಹಾರವೂ ಇಲ್ಲದ ವ್ಯವಸ್ಥೆಯನ್ನು ನಾವು ಬೆಳೆಸಿಕೊಂಡಿದ್ದೇವೆ.

ಮಾಡಲಾಗದ ಕೆಲಸವೇನಲ್ಲ ಇದು. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನ, ಐಟಿಐ ವಿದ್ಯಾರ್ಥಿಗಳಿಗೆ ಮೊದಲ ಬಾರಿಗೆ ಕೌಶಲ ದೀಕ್ಷಾಂತ ಸಮಾರೋಹ ನಡೆಸಿತು. ಪ್ರಧಾನಿಯೇ ಆನ್‌ಲೈನ್‌ನಲ್ಲಿ ಮಾತಾಡಿದರು, ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಯ ಸಮಾರಂಭ ಅದು ಎಂದು ಹೇಳಲಾಯಿತು. ಪರದೆಯ ಮೇಲಿನ ಭಾಷಣವೇ ಘಟಿಕೋತ್ಸವವೇ ಎಂದು ಕೊಂಕು ತೆಗೆಯಬಹುದು, ನಾನೂ ತೆಗೆಯುತ್ತೇನೆ. ಆದರೂ ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಮಕ್ಕಳ ಹೆಸರಿನಲ್ಲಿ ಒಂದು ದಿನ ಗೊತ್ತಾಯಿತು. ಐಟಿಐ ಮಕ್ಕಳಿಗೆ ಒಂದು ದಿನ, ಬಿಇ ಮಕ್ಕಳಿಗೆ ಒಂದು ದಿನ, ನಡುವೆ ಇರುವ ಡಿಪ್ಲೊಮಾದವರಿಗೆ ಮಾತ್ರ ಕಿಟಕಿ. ಸಿಂಗಪುರಕ್ಕೆ ಮಂತ್ರಿಗಳು, ಅಧಿಕಾರಿಗಳು ಅಧ್ಯಯನ ಪ್ರವಾಸ ಹೋಗುತ್ತಲೇ ಇರುತ್ತಾರೆ. ಅಲ್ಲಿಯ ಐದೂ ಪಾಲಿಟೆಕ್ನಿಕ್‌ಗಳು ಪ್ರತಿವರ್ಷ ಡಿಪ್ಲೊಮಾದವರಿಗೆಂದೇ ದೊಡ್ಡದಾಗಿ ಪದವಿ ಪ್ರದಾನದಂಥ ಸಮಾರಂಭ ನಡೆಸುತ್ತವೆ. ಮನೆಯವರಿಗೂ ಕುರ್ಚಿ ಹಾಕಿರುತ್ತಾರೆ. ಮೆಟ್ರೊ, ಫ್ಲೈಓವರು ನೋಡಿ ಬಂದವರು ಇದನ್ನೂ ನೋಡಿ ಬರಬಹುದಿತ್ತು.

ಎಲ್ಲ ಕಾಗದಕ್ಕೂ ವೇದಿಕೆ ಬೇಕು ಎನ್ನುವವನು ನಾನಲ್ಲ. ಮೂರು ವಾರದ ಸರ್ಟಿಫಿಕೇಟ್ ಕೋರ್ಸಿಗೆ, ಆನ್‌ಲೈನ್‌ನಲ್ಲಿ ಕ್ಲಿಕ್ ಮಾಡಿ ಪಡೆದ ಪ್ರಮಾಣಪತ್ರಕ್ಕೆ ಘಟಿಕೋತ್ಸವ ಮಾಡಿದರೆ ಅದು ಯುಕೆಜಿ ಗೌನಿನ ದಾರಿಯೇ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಪದವಿ ತರಗತಿಯನ್ನು ಎರಡನೇ ವರ್ಷಕ್ಕೆ ಬಿಟ್ಟವರಿಗೂ ಡಿಪ್ಲೊಮಾ ಎಂದಿತು. ಕರ್ನಾಟಕ 2021ರಲ್ಲಿ ಅದನ್ನು ಒಪ್ಪಿಕೊಂಡು 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವೆ ಓದು ಬಿಟ್ಟವರ ಸಮಾಧಾನಕ್ಕೆ ಕೊಡುವ ಡಿಪ್ಲೊಮಾ ಬೇರೆ, ಡಿಪ್ಲೊಮಾ ಮಾಡಲೆಂದೇ ಸೇರಿ ಪೂರ್ತಿ ಮುಗಿಸಿದ ಡಿಪ್ಲೊಮಾ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದರಿಂದಲೇ ಎರಡನೆಯದಕ್ಕೆ ಇನ್ನಷ್ಟು ಅನ್ಯಾಯವಾಯಿತು. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತರಗತಿಗೆ ಬಂದು ಓದಿದ, ಪರೀಕ್ಷೆ ಬರೆದು ಪಾಸಾದ ಡಿಪ್ಲೊಮಾಕ್ಕೆ ಸಮಾರಂಭ ಎಂದು ಗೆರೆ ಹಾಕಿದರೆ ಸಾಕು.

ಗೌನು ಬೇಕೇ? ನನ್ನನ್ನು ಕೇಳಿದರೆ ಬೇಡ. 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ಗೌನು ಕಳಚಿ, ಇದು ವಸಾಹತು ಕಾಲದ ಪಳೆಯುಳಿಕೆ ಎಂದದ್ದು ದೊಡ್ಡ ಸುದ್ದಿಯಾಗಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಘಟಿಕೋತ್ಸವವನ್ನು ನುಡಿಹಬ್ಬವೆಂದು ಕರೆದು ತನ್ನದೇ ರೀತಿಯಲ್ಲಿ ನಡೆಸಿಕೊಂಡು ಬಂದಿದೆ. ಕರಿ ಗೌನಿನ ಬಾಡಿಗೆಯೆಂದು ಐನೂರು, ಸಾವಿರ ಕೀಳುವ ದಂಧೆ ಇಲ್ಲೂ ಶುರುವಾದರೆ ಇಡೀ ಉದ್ದೇಶವೇ ಕೆಟ್ಟಿತು. ಒಂದು ಮಗ್ಗದ ಶಲ್ಯ ಸಾಕು. ಅದರ ಖರ್ಚನ್ನು ಸಂಸ್ಥೆಯೇ ಹೊರಬೇಕು, ವಿದ್ಯಾರ್ಥಿಯಿಂದ ಒಂದು ರೂಪಾಯಿಯೂ ಕೇಳಬಾರದು.

ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸುವ ಆಕ್ಷೇಪ ಒಂದೇ, ಅದು ಪಾಲಿಟೆಕ್ನಿಕ್‌ಗಳ ಒಳಗಿನಿಂದಲೇ ಬರುವಂಥದ್ದು. ಅಲ್ಲಿ ಪಾಠ ಮಾಡಲು ಕಾಯಂ ಉಪನ್ಯಾಸಕರಿಲ್ಲ, ಅರೆಕಾಲಿಕದವರಿಂದ ದಿನ ದೂಡುತ್ತಾರೆ, ವರ್ಕ್‌ಶಾಪಿನ ಯಂತ್ರಗಳಿಗೆ ಅಪ್ಪನ ವಯಸ್ಸು. ಮೊದಲು ಅದನ್ನು ಸರಿ ಮಾಡಿ, ಆಮೇಲೆ ಹಾರ ಶಾಲು. ಈ ಸಿಟ್ಟು ನ್ಯಾಯವಾದದ್ದು. ಖಾಲಿ ಹುದ್ದೆ ತುಂಬದೆ ಶಾಮಿಯಾನ ಮಾತ್ರ ಹಾಕಿದರೆ ಅದು ನಾಟಕ. ಆದರೆ ಯಂತ್ರ ಕೊಳ್ಳಲು ಲಕ್ಷಗಳು ಬೇಕು, ಟೆಂಡರು ಬೇಕು, ವರ್ಷಗಳು ಬೇಕು. ಸಮಾರಂಭಕ್ಕೆ ಬೇಕಾದದ್ದು ಕಾಲೇಜಿನ ಅಂಗಳ, ಮೈಕು, ಕಾಫಿ. ಅದಕ್ಕಿಂತ ಮುಖ್ಯವಾಗಿ, ಅಂದು ಆ ಅಂಗಳಕ್ಕೆ ಬಂದ ಅಪ್ಪ ಅಮ್ಮ ವರ್ಕ್‌ಶಾಪನ್ನೂ ನೋಡುತ್ತಾರೆ, ತುಕ್ಕು ಹಿಡಿದ ಲೇತ್‌ನ್ನೂ ನೋಡುತ್ತಾರೆ. ಮುಖ್ಯ ಅತಿಥಿಯಾಗಿ ಬಂದ ಶಾಸಕರ ಎದುರೇ ಅದರ ಪ್ರಶ್ನೆ ಎತ್ತುತ್ತಾರೆ. ಅಡ್ಮಿಷನ್ನಿನ ದಿನ ಬಿಟ್ಟರೆ ಆ ಗೇಟಿನೊಳಗೆ ಕಾಲಿಡದ ಜನ ಅವರು. ಅವರನ್ನು ಒಮ್ಮೆ ಕರೆದು ಕೂರಿಸುವುದರಿಂದ ಇಲಾಖೆಗೆ ಸ್ವಲ್ಪ ಬಿಸಿ ತಟ್ಟಿದರೆ ಒಳ್ಳೆಯದೇ.

ವಿಶ್ವವಿದ್ಯಾಲಯಗಳು ತಾವೇ ಕೊಡುವ ಡಿಪ್ಲೊಮಾಗಳ ವಿಷಯದಲ್ಲಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮುಂದಿನ ಘಟಿಕೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಕೃಷಿ, ಪಶುಸಂಗೋಪನೆ, ಸಂಗೀತ, ಯೋಗ, ಭಾಷಾ ಡಿಪ್ಲೊಮಾದ ಮೊದಲ ಸ್ಥಾನದವರ ಹೆಸರು ಅಚ್ಚಾಗಲಿ, ಉಳಿದವರಿಗೆ ಅವರವರ ವಿಭಾಗದಲ್ಲೇ ಸಮಾರಂಭವಾಗಲಿ. ಪಾಲಿಟೆಕ್ನಿಕ್‌ಗಳಿಗೆ ಬೇಕಾಗಿರುವುದು ಇಲಾಖೆಯ ಒಂದು ಸುತ್ತೋಲೆ: ಅಂತಿಮ ಸೆಮಿಸ್ಟರ್ ಫಲಿತಾಂಶ ಬಂದ ಮೂರು ತಿಂಗಳೊಳಗೆ, ಪ್ರತಿ ಕಾಲೇಜಿನಲ್ಲಿ, ಪೋಷಕರ ಎದುರು, ಶುಲ್ಕವಿಲ್ಲದೆ ಡಿಪ್ಲೊಮಾ ಪ್ರದಾನ. ಉನ್ನತ ಶಿಕ್ಷಣ ಸಚಿವರು ಈ ವರ್ಷವೇ ಅದಕ್ಕೆ ಸಹಿ ಹಾಕಬೇಕು.